ಒಂಟಿ ನಳಿಗೆ, ಆರು ಕಾರ್ತೂಸು

ಮೊದಲ ಕಂತಿನ ಇಪ್ಪತ್ತನೇ ಪುಟದಲ್ಲಿ ಒಬ್ಬ ಮುದುಕ ಒಂಟಿ ನಳಿಗೆಯ ಬಂದೂಕು ಹಿಡಿದು, ನಡುವೆ ಒಮ್ಮೆಯೂ ಕಾರ್ತೂಸು ತುಂಬದೆ, ಏಳು ಹೆಣಗಳನ್ನು ಹೊಡೆದು ಕೆಡವುತ್ತಿದ್ದ. ನಾನು ಓದಿ ಪುಟ ಮಡಚಿಟ್ಟು, ಈ ಬಂದೂಕು ಎಲ್ಲಿ ಸಿಗುತ್ತದೆ ಹೇಳಿದರೆ ನಾನೂ ಒಂದು ತರಿಸುತ್ತೇನೆ ಎಂದೆ. ನಿರ್ದೇಶಕ ನಗಲಿಲ್ಲ. ಪೆನ್ನು ತೆಗೆದು ಆ ಪುಟದ ಮೇಲೆ ಉದ್ದಕ್ಕೆ ಗೀಟು ಎಳೆದು, "ಹಂಗಾದ್ರ ಖರೇ ಹೆಂಗಿರತೈತಿ ಅನ್ನೋದನ್ನ ನೀವ ಹೇಳ್ರಿ" ಎಂದ. ಆ ಮಾತಿಗೆ ನಾನು ಮರುಳಾದೆ. ಇಷ್ಟು ವಯಸ್ಸಾದ ಮೇಲೆ ಯಾರಾದರೂ ನಮ್ಮನ್ನು ಕೇಳಿದರೆ ಸಾಕು ಅನ್ನಿಸುತ್ತದೆ.

ಸತ್ತವರು ಎದ್ದು ಬರುವ ಎಂಟು ಕಂತಿನ ಧಾರಾವಾಹಿ ಅದು. ಇಂಗ್ಲಿಷಿನಲ್ಲಿ ಜಾಂಬಿ ಅಂತಾರಲ್ಲ, ಅವು. ನಮ್ಮ ಸೆಟ್ಟಿನಲ್ಲಿ ಯಾರೂ ಹಾಗೆ ಅನ್ನುತ್ತಿರಲಿಲ್ಲ, 'ಹೆಣದವರು' ಅನ್ನುತ್ತಿದ್ದರು. ಇವತ್ತು ಹೆಣದವರು ಎಷ್ಟು ಮಂದಿ, ಹೆಣದವರಿಗೆ ಅವಲಕ್ಕಿ ಆಯಿತೇ, ಹೀಗೆ. ಅವರ ಬಾಡಿಗೆಯ ಆಫೀಸು ಬೆಳಗಾವಿಯ ರಾಮತೀರ್ಥ ನಗರದಲ್ಲಿ, ನನ್ನ ಮನೆಯಿಂದ ಎರಡು ರಸ್ತೆ ಆಚೆ. ನಾನು ಸೈನ್ಯದಲ್ಲಿ ಆಯುಧ ರಿಪೇರಿ ಮಾಡಿಕೊಂಡಿದ್ದವನು. ಯಾವ ಯುದ್ಧದಲ್ಲೂ ಗುಂಡು ಹಾರಿಸಿದವನಲ್ಲ, ಹಾರಿಸುವವರ ಬಂದೂಕು ಕೈಕೊಡದಂತೆ ನೋಡಿಕೊಂಡವನು. ಬಂದೂಕಿನ ವಿಷಯ ಸುಳ್ಳು ಕಾಣಬಾರದು, ಯಾರಿಗೂ ಪೆಟ್ಟಾಗಬಾರದು, ಇವೆರಡೂ ನನ್ನ ಜವಾಬ್ದಾರಿ ಎಂದು ಕಾಗದದಲ್ಲಿ ಬರೆದು ಸಹಿ ಹಾಕಿಕೊಟ್ಟೆ.

ಬಂದೂಕು ಖರೇ ಕಾಣಬೇಕಾದರೆ ಅದನ್ನು ಹಿಡಿದ ಮನುಷ್ಯ ಮೊದಲು ಖರೇ ಇರಬೇಕು. ಇದನ್ನು ನಿರ್ದೇಶಕನಿಗೆ ಒಪ್ಪಿಸಲು ಒಂದು ವಾರ ಬೇಕಾಯಿತು. ಅವನ ಮುದುಕ ಮೊದಲ ದಿನದಿಂದಲೇ ಶೂರ. ಕಾಡಿನಂಚಿನ ರೈತ, ಹಂದಿ ಓಡಿಸಲು ಲೈಸನ್ಸ್ ಪಡೆದ ಬಂದೂಕು, ಆದರೆ ಹಿಡಿಯುವುದು ಮಾತ್ರ ಕಮಾಂಡೋಗಳ ಹಾಗೆ. ನಾನು ಹೇಳಿದೆ, ಈ ಮನುಷ್ಯನ ಹತ್ತಿರ ಆರು ಕಾರ್ತೂಸು ಇರಲಿ, ಏಳನೆಯದು ಎಲ್ಲೂ ಸಿಗದಿರಲಿ. ಮೊದಲನೆಯದನ್ನು ಹೆದರಿ ಹಾರಿಸಲಿ, ಅದು ಗೋಡೆಗೆ ಬಡಿಯಲಿ. ಎರಡನೆಯದನ್ನು ಸಿಟ್ಟಿನಿಂದ. ಹೀಗೆ ಒಂದೊಂದು ಕಾರ್ತೂಸು ಖರ್ಚಾದಂತೆ ಅವನು ಬದಲಾಗುತ್ತ ಹೋಗಲಿ. ಕೊನೆಯದು ಉಳಿದಾಗ ಎದುರಿಗೆ ಅವನ ಸತ್ತ ಹೆಂಡತಿ ಬರಲಿ. ನಿರ್ದೇಶಕ ಎಂಟೂ ಕಂತು ಮತ್ತೆ ಬರೆಯಲು ಶುರುಮಾಡಿದ.

ಮುದುಕನ ಪಾತ್ರಕ್ಕೆ ಬಂದವರು ಹಳೆಯ ನಾಟಕ ಕಂಪನಿಗಳಲ್ಲಿ ಬೆಳೆದ ನಟ. ಐವತ್ತೈದು ದಾಟಿದವರು, ಪಾತ್ರ ಅಂದರೆ ಉಪವಾಸ ಹಿಡಿದವರಂತೆ ಇರುವವರು. ಅವರನ್ನು ಕರೆದುಕೊಂಡು ಖಾನಾಪುರದ ಕಾಡಿನ ಕಡೆ ಗುಂಜಿ ಎಂಬ ಊರಿಗೆ ಹೋದೆ. ಅಲ್ಲಿ ಲೈಸನ್ಸ್ ಬಂದೂಕು ಇಟ್ಟುಕೊಂಡ ಹಿರಿಯರೊಬ್ಬರ ಗುರುತು ನನಗಿತ್ತು. ಹೆಂಡತಿಯ ಜೊತೆ ಮರಾಠಿ, ನಮ್ಮ ಜೊತೆ ಕನ್ನಡ, ನಾಯಿಯ ಜೊತೆ ಎರಡೂ. ಬಂದೂಕು ತೋರಿಸಲು ಅವರು ಮೂರು ಸಲ ಚಹಾ ಕುಡಿಸಿದರು. ಕೊನೆಗೆ ತಂದರೂ ನಮ್ಮ ಕೈಗೆ ಕೊಡಲಿಲ್ಲ, ತಮ್ಮ ತೊಡೆಯ ಮೇಲೇ ಇಟ್ಟುಕೊಂಡರು. ಎಲೆಕ್ಷನ್ ಬಂದಾಗ ಠಾಣೆಗೆ ಒಪ್ಪಿಸಬೇಕಲ್ಲ, ಆ ತಿಂಗಳು ಮನೆಯಲ್ಲಿ ನಿದ್ದೆ ಬರುವುದಿಲ್ಲವಂತೆ. ಅದನ್ನು ಹಾರಿಸಿ ಎರಡು ವರ್ಷವಾಗಿತ್ತು. ಹಾರಿಸುವ ಮುಂದೆ ಕಣ್ಣು ಮುಚ್ಚುತ್ತೇನೆ ಎಂದು ಸಂಕೋಚದಿಂದ ಒಪ್ಪಿಕೊಂಡರು. ನಟರು ಅವರ ಬೆರಳುಗಳನ್ನೇ ನೋಡುತ್ತಿದ್ದರು.

ಹೊರಡುವ ಹೊತ್ತಿಗೆ ಹಿರಿಯರು ಇನ್ನೊಂದು ವಿಷಯ ಹೇಳಿದರು. ಖಂಡೇನವಮಿಯ ದಿನ ಬಂದೂಕಿಗೆ ಪೂಜೆ ಮಾಡಿ, ಅರಿಶಿನದ ಬಟ್ಟೆ ಸುತ್ತಿದ ಸಣ್ಣ ಗೋಟಡಿಕೆಯೊಂದನ್ನು ನಳಿಗೆಯ ಬಾಯಲ್ಲಿ ಒತ್ತಿ ಇಡುವುದು ಅವರ ಮನೆಯ ಪದ್ಧತಿ. ಮರುದಿನ ಬನ್ನಿ ಕೊಟ್ಟು ಬಂದ ಮೇಲೆ ಅದನ್ನು ತೆಗೆಯುವುದು. "ಹಬ್ಬದಾಗ ಅದರ ಬಾಯಿ ಮುಚ್ಚಿರಬೇಕ್ರಿ," ಎಂದರು. "ಅಡಕಿ ಇಟ್ಟಾವನ ತಗೀಬೇಕು. ಅಲ್ಲೀತನಾ ಯಾರೂ ಮುಟ್ಟಾಂಗಿಲ್ಲ." ನಾನು ಜೇಬಿನ ಪುಸ್ತಕ ತೆಗೆದು, 'ಖಂಡೇನವಮಿ, ನಳಿಗೆಯಲ್ಲಿ ಅಡಿಕೆ, ಒಳ್ಳೆಯ ವಿವರ' ಎಂದು ಬರೆದುಕೊಂಡೆ. ಬರೆದದ್ದು ಅಷ್ಟೇ.

ಬಂದೂಕುಗಳು ಮುಂಬಯಿಯಿಂದ ಬಾಡಿಗೆಗೆ ಬಂದವು. ನೋಡಲು ಒಂದೇ ತರಹದ ಎರಡು. ಅವುಗಳಲ್ಲಿ ಹಾರುವುದು ಸದ್ದಿನ ಕಾರ್ತೂಸು, ಅಂದರೆ ಒಳಗೆ ಛರಾ ಗುಂಡುಗಳಿಲ್ಲ, ಸ್ವಲ್ಪ ಮದ್ದು ಮಾತ್ರ. ಸದ್ದು, ಬೆಂಕಿ, ಹೊಗೆ ಬರುತ್ತವೆ, ಬೇರೇನೂ ಬರುವುದಿಲ್ಲ. ಜನ ಇದನ್ನು ಆಟಿಕೆ ಎಂದು ತಿಳಿಯುತ್ತಾರೆ. ನಳಿಗೆಯೊಳಗೆ ಒಂದು ಕಲ್ಲಿನ ಚೂರು ಇದ್ದರೂ ಅದೇ ಗುಂಡಾಗುತ್ತದೆ ಎಂದು ಮೊದಲ ದಿನವೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೇಳಿದೆ. ಅದಕ್ಕಾಗಿ ನಾಲ್ಕು ಕೆಲಸ. ಬಂದೂಕನ್ನು ಮಡಚಿ ತೆರೆಯುವುದು, ಕಾರ್ತೂಸಿನ ಜಾಗದಲ್ಲಿ ಬೆರಳು ಹಾಕಿ ನೋಡುವುದು, ಬೆಳಕಿಗೆ ಹಿಡಿದು ನಳಿಗೆಯ ಒಳಗೆ ಈ ತುದಿಯಿಂದ ಆ ತುದಿ ನೋಡುವುದು, ಕೊನೆಗೆ ಸರಳು ಹಾಕಿ ತೆಗೆಯುವುದು. ತೆರೆ, ಬೆರಳು, ಬೆಳಕು, ಸರಳು. ಪ್ರತಿ ಸಲ ಹಾರಿಸುವ ಮುನ್ನ ನಾಲ್ಕೂ ಆಗಬೇಕು, ಪುಸ್ತಕದಲ್ಲಿ ನಾಲ್ಕು ಟಿಕ್ ಬೀಳಬೇಕು. ಮನುಷ್ಯನ ಮೇಲೆ ನೇರ ಗುರಿ ಇಡಬಾರದು, ಎರಡು ಮಾರು ಪಕ್ಕಕ್ಕೆ ಹಿಡಿಯಬೇಕು, ಕ್ಯಾಮೆರಾಕ್ಕೆ ನೇರ ಕಂಡರೆ ಸಾಕು. ನನ್ನ ಕಿರಿಕಿರಿಗೆ ಬೇಸತ್ತು ಹುಡುಗರು ನನಗೆ 'ಸರಳು ಮಾಮಾ' ಎಂದು ಹೆಸರಿಟ್ಟಿದ್ದರು. ನನಗೆ ಅದು ಬಿರುದಿನಂತೆ ಕೇಳಿಸುತ್ತಿತ್ತು.

ಮುದುಕನ ಪಾತ್ರದ ನಟರು ನಾಲ್ಕನ್ನೂ ಕಲಿತರು. ಊಟಕ್ಕೆ ಕೂತಾಗಲೂ ಗಾಳಿಯಲ್ಲಿ ಕೈ ಆಡಿಸಿ ಬಂದೂಕು ಮಡಚುತ್ತಿದ್ದರು. ಖರೇ ಬಂದೂಕನ್ನು ರೂಮಿಗೆ ಒಯ್ಯುತ್ತೇನೆ ಎಂದು ಕೇಳಿದಾಗ ನಾನು ಒಪ್ಪಲಿಲ್ಲ, ಅಷ್ಟೇ ತೂಕದ ಕಟ್ಟಿಗೆಯದೊಂದು ಮಾಡಿಕೊಟ್ಟೆ. ಅದನ್ನು ಮಗ್ಗುಲಲ್ಲಿ ಇಟ್ಟುಕೊಂಡೇ ಮಲಗುತ್ತಿದ್ದರಂತೆ.

ಹೆಣದವರಲ್ಲಿ ಎಲ್ಲರಿಗಿಂತ ಚಂದ ಸತ್ತವಳು ಬೆಳಗಾವಿಯದೇ ಖಾಸಬಾಗದ ಒಬ್ಬ ನೇಕಾರಳು. ಮನೆಯಲ್ಲಿ ಎರಡು ಪವರ್‌ಲೂಮ್ ನಡೆಸುವಾಕೆ, ಗಣಪತಿ ಹಬ್ಬದ ನಾಟಕಗಳಲ್ಲಿ ಪಾತ್ರ ಮಾಡಿ ರೂಢಿ. ಉಳಿದವರು ಕೈ ಮುಂದೆ ಚಾಚಿ ನರಳುತ್ತ ಬರುತ್ತಿದ್ದರು. ಈಕೆ ಹಾಗಲ್ಲ. ಚಿಕ್ಕಂದಿನಲ್ಲಿ ನೆಲದ ಕುಣಿಯಲ್ಲಿ ಕಾಲಿಳಿಸಿ ಕುಣಿಮಗ್ಗ ತುಳಿದವಳು, ಆ ತುಳಿತವನ್ನೇ ನಡಿಗೆಗೆ ತಂದಿದ್ದಳು. ಒಂದು ಕಾಲು ಒತ್ತಿ ನಿಲ್ಲುವುದು, ಇನ್ನೊಂದು ತಾನಾಗಿ ಎದ್ದು ಬರುವುದು. ಸತ್ತ ಮೇಲೂ ಮೈ ಕೆಲಸ ಮರೆತಿಲ್ಲ ಅನ್ನಿಸುತ್ತಿತ್ತು. ನಿರ್ದೇಶಕ ಮೂರನೇ ದಿನವೇ ಆಕೆಯನ್ನು ಗುಂಪಿನಿಂದ ಎತ್ತಿ ಮುದುಕನ ಹೆಂಡತಿಯ ಪಾತ್ರ ಕೊಟ್ಟ. ಆಕೆ ನನ್ನನ್ನು 'ಫೌಜಿ ಅಣ್ಣಾರ' ಅನ್ನುತ್ತಿದ್ದಳು. ಬಿಡುವಿನಲ್ಲಿ ಹರಿದ ಎಳೆ ಹೇಗೆ ಗಂಟು ಹಾಕುವುದು ಎಂದು ನನಗೆ ತೋರಿಸುತ್ತಿದ್ದಳು. ಕಣ್ಣು ರೆಪ್ಪೆ ಹೊಡೆಯುವುದರೊಳಗೆ ಗಂಟು ಬಿದ್ದಿರುತ್ತಿತ್ತು.

ಗುಂಜಿಯ ಹತ್ತಿರ ಒಂದು ಮನೆ ಹಿಡಿದು ಶೂಟಿಂಗ್ ನಡೆದಿತ್ತು. ಖಂಡೇನವಮಿ ಬಂತು. ಕ್ಯಾಮೆರಾ, ಲೈಟು, ಜನರೇಟರ್ ಎಲ್ಲಕ್ಕೂ ಪೂಜೆ. ಎರಡೂ ಬಂದೂಕುಗಳನ್ನು ನಾನೇ ಪೆಟ್ಟಿಗೆಯಿಂದ ತೆಗೆದು ಜಮಖಾನೆಯ ಮೇಲೆ ಇಟ್ಟೆ. ಪೂಜೆಯನ್ನು ಪಾತ್ರದ ಹಾಗೆ ನಾನು ಮಾಡಲೇ ಎಂದು ನಟರು ಕೇಳಿದರು. ಮಾಡ್ರಿ, ಚಲೋ ಆತು ಎಂದೆ. ಹಿಂದಿನ ದಿನ ಸಂಜೆ ಎರಡಕ್ಕೂ ಸರಳು ಹಾಕಿ ಎಣ್ಣೆ ಒರೆಸಿದ್ದೆ. ಮರುದಿನ ರಜೆ. ಹೋಳಿಗೆಯ ವಾಸನೆ ಬರುತ್ತಿತ್ತು. ನಾನು ಊಟಕ್ಕೆ ಹೋದೆ. ಬಂದು ನೋಡಿದಾಗ ಗಂಧ, ಕುಂಕುಮ, ಚೆಂಡುಹೂವು ಎಲ್ಲ ಒಪ್ಪವಾಗಿತ್ತು. ಪೂಜೆ ಕದಡಬಾರದು ಎಂದು ಹೂವು ಸಮೇತ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ.

ಮರುದಿನ ಬೆಳಿಗ್ಗೆ ಎದ್ದರೆ ಎಂಥ ಮಂಜು! ಅಂಗಳದ ಬೇಲಿಯೂ ಕಾಣುತ್ತಿರಲಿಲ್ಲ. ನಿರ್ದೇಶಕ ನನ್ನ ಬಾಗಿಲಿಗೇ ಬಂದ. ಇಂಥ ಮಂಜಿಗಾಗಿ ಹತ್ತು ದಿನದಿಂದ ಕಾಯುತ್ತಿದ್ದೇನೆ, ಒಂದೇ ಒಂದು ಶಾಟ್, ಹೆಣದವರೂ ಇಲ್ಲೇ ಉಳಿದಿದ್ದಾರೆ ಎಂದ. ಬನ್ನಿ ಕೊಡುವ ಮುಂಚೆ ಆಯುಧ ಎತ್ತಬಾರದು ಎಂದು ನಾನು ಗೊಣಗಿದೆ. ಗೊಣಗಿದೆ ಅಷ್ಟೇ, ಬೇಡ ಅನ್ನಲಿಲ್ಲ. ಎಲ್ಲರೂ ಮೇಕಪ್ ಮುಗಿಸುವಷ್ಟರಲ್ಲಿ ಚಹಾ ಬಂತು. ಚಹಾ ಕುಡಿಯುತ್ತ ಪುಸ್ತಕ ತೆರೆದು ಆ ದಿನದ ತಾರೀಖು ಹಾಕಿ ನಾಲ್ಕೂ ಟಿಕ್ ಹೊಡೆದುಬಿಟ್ಟೆ. ಇಪ್ಪತ್ತು ದಿನ ಒಮ್ಮೆಯೂ ತಪ್ಪಿಸಿರಲಿಲ್ಲ. ತಪ್ಪದವನಿಗೆ ಬರುವ ರೋಗ ಅದು.

ಗದ್ದೆಯ ಬದುವಿನ ಮೇಲೆ ನಟರು ನಿಂತಿದ್ದರು. ಇಪ್ಪತ್ತೈದು ಅಡಿ ಆಚೆ ಮೊದಲ ಹೆಣದವನು, ಅವನ ಹಿಂದೆ ಮಂಜಿನಲ್ಲಿ ಉಳಿದವರು. ಹೊತ್ತು ಏರುತ್ತಿತ್ತು. ನಿರ್ದೇಶಕ ಎರಡು ಸಲ ಕೂಗಿದ, ಮಂಜು ಕರಗುತ್ತಿದೆ ಎಂದು. ನಾನು ಪೆಟ್ಟಿಗೆಯಲ್ಲಿ ಮೇಲಿದ್ದ ಬಂದೂಕು ತೆಗೆದುಕೊಂಡು ಹೂವು ಬಿಚ್ಚಿದೆ, ಮಡಚಿ ತೆರೆದೆ, ಬೆರಳು ಹಾಕಿದೆ, ಖಾಲಿ. ಬೆಳಕಿಗೆ ಹಿಡಿಯಲು ಬೆಳಕೆಲ್ಲಿತ್ತು, ಎಲ್ಲ ಬೆಳ್ಳಗೆ ಮಬ್ಬು. ಸರಳು ಪೆಟ್ಟಿಗೆಯಲ್ಲೇ ಇತ್ತು, ಮೊನ್ನೆ ಸಂಜೆ ಹಾಕಿದ್ದೇನಲ್ಲ ಅನ್ನಿಸಿತು. ಕಾರ್ತೂಸು ಇಟ್ಟು ಮುಚ್ಚಿ ನಟರ ಕೈಗೆ ಕೊಟ್ಟೆ.

ಸದ್ದು ಕೇಳಿದ ಕೂಡಲೇ ನನಗೆ ಗೊತ್ತಾಯಿತು. ಖಾಲಿ ನಳಿಗೆಯ ಸದ್ದು ಅಗಲವಾಗಿ ಒಡೆಯುತ್ತದೆ. ಇದು ಗಿಡ್ಡ, ಭಾರ. ನಟರು ನಾನು ಕಲಿಸಿದ ಹಾಗೇ ಮೊದಲ ಹೆಣದವನಿಂದ ಎರಡು ಮಾರು ಪಕ್ಕಕ್ಕೆ ಹಿಡಿದಿದ್ದರು. ಆ ಪಕ್ಕದಲ್ಲಿ, ಹಿಂದೆ, ಮಂಜಿನೊಳಗಿಂದ ಒಂದು ಕಾಲು ಒತ್ತುತ್ತ ಇನ್ನೊಂದು ಎಳೆಯುತ್ತ ನೇಕಾರಳು ಬರುತ್ತಿದ್ದಳು. ಆಕೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಮೊಣಕಾಲ ಮೇಲೆ ಕುಸಿದಳು. ಬೆರಳ ಸಂದಿಯಿಂದ ರಕ್ತ ಇಳಿಯಿತು. ಮೈತುಂಬ ಮೊದಲೇ ಮೇಕಪ್ಪಿನ ರಕ್ತ. ಯಾರೂ ಅಲ್ಲಾಡಲಿಲ್ಲ. "ಎಷ್ಟ ಚಲೋ ಬಿದ್ಲು" ಎಂದು ಕ್ಯಾಮೆರಾ ಹಿಂದಿನಿಂದ ನಿರ್ದೇಶಕ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. ನಾನು ಓಡಲು ಹೋದೆ, ಶಾಟ್ ಕೆಡುತ್ತದೆಂದು ಒಬ್ಬ ನನ್ನ ತೋಳು ಹಿಡಿದ. ಆಗ ಆಕೆ ಮಾತಾಡಿದಳು. ಹೆಣದವರು ಮಾತಾಡಬಾರದೆಂಬ ನಿಯಮ ಇತ್ತು, ಅದಕ್ಕೇ ಇರಬೇಕು, ತಪ್ಪು ಮಾಡಿದವರ ಧ್ವನಿಯಲ್ಲಿ ಹೇಳಿದಳು. "ನನಗ ಖರೇನ ಹತ್ತೈತ್ರಿ."

ಖಾನಾಪುರದ ಆಸ್ಪತ್ರೆಯಲ್ಲಿ ಯಾವುದು ಗಾಯ, ಯಾವುದು ಬಣ್ಣ ತಿಳಿಯಲು ಮೊದಲು ಮುಖ ತೊಳೆಯಬೇಕಾಯಿತು. ಹುಬ್ಬಿನ ಎಲುಬಿನವರೆಗೆ ಅಂಟಿಸಿದ ರಬ್ಬರಿನ ಚರ್ಮವನ್ನು ನರ್ಸಮ್ಮ ಕಿತ್ತು ಕಿತ್ತು ತೆಗೆದರು. ಎಡಗಣ್ಣು. ಅಲ್ಲಿಂದ ಬೆಳಗಾವಿಗೆ ಕಳಿಸಿದರು. ಗಾಡಿಯಲ್ಲಿ ಆಕೆ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು. ಮನೆಯಲ್ಲಿ ಮಗಳಿಗೆ ಈಗಲೇ ಹೇಳಬೇಡಿ, ಪರೀಕ್ಷೆ ಇದೆ ಎಂದಳು. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಡಾಕ್ಟರು ಹೊರಗೆ ಬಂದು ಕಣ್ಣು ಉಳಿಯಲಿಲ್ಲ ಎಂದರು. ವಾರ್ಡಿನ ಆಳು ಬನ್ನಿಯ ಎಲೆಗಳ ತಟ್ಟೆ ಹಿಡಿದು ಎಲ್ಲರಿಗೂ ಹಂಚುತ್ತ ಬರುತ್ತಿದ್ದ. "ಬಂಗಾರದಂಗ ಇರೂಣ್ರಿ" ಎಂದು ನನ್ನ ಕೈಯಲ್ಲೂ ಎರಡು ಎಲೆ ಇಟ್ಟು ಹೋದ. ಅವನ್ನು ಏನು ಮಾಡಬೇಕೋ ತಿಳಿಯದೆ ಕತ್ತಲಾಗುವವರೆಗೆ ಹಿಡಿದುಕೊಂಡೇ ಕೂತಿದ್ದೆ.

ಅಡಿಕೆಯನ್ನು ಹುಡುಕಿದವರು ನಟರೇ. ಎಲ್ಲರೂ ಗಾಡಿಯ ಹಿಂದೆ ಓಡಿದಾಗ ಅವರು ಗದ್ದೆಯಲ್ಲಿ ಕೂತು, ಸುಟ್ಟ ಅರಿಶಿನದ ಬಟ್ಟೆಯ ಚೂರು ಮೊದಲು, ಆಮೇಲೆ ಅಡಿಕೆ, ಎರಡನ್ನೂ ಹೆಕ್ಕಿದರು. ಮರುದಿನ ನನ್ನ ಎದುರು ಕೈ ಬಿಚ್ಚಿ ತೋರಿಸಿದರು. ಪೂಜೆಯ ದಿನ ಪಾತ್ರದ ಹಾಗೆ ಇರಬೇಕೆಂದು ಒಂದು ಬಂದೂಕಿಗೆ ತಾವೇ ಇಟ್ಟದ್ದು, ಎರಡು ಬೆರಳಿನಷ್ಟು ಒಳಗೆ, ಹೊರಗೆ ಕಾಣಬಾರದೆಂದು. ಮರುದಿನ ಸಂಜೆ ಬನ್ನಿ ಕೊಟ್ಟು ಬಂದು ತೆಗೆಯುವವರಿದ್ದರು, ರಜೆ ಅಂದಿದ್ದರಲ್ಲ. ಬೆಳಿಗ್ಗೆ ಕೈಗೆ ಬಂದದ್ದು ಆ ಬಂದೂಕೋ ಈ ಬಂದೂಕೋ ಎಂಬ ಪ್ರಶ್ನೆಯೇ ಅವರಿಗೆ ಏಳಲಿಲ್ಲ. "ನೀವು ನೋಡಿ ಕೊಟ್ರಿ ಅಂದ್ಮ್ಯಾಲೆ ಮುಗೀತು ಅಂತ ತಿಳಕೊಂಡೆ" ಎಂದರು. ಅವರು ನನ್ನನ್ನು ದೂರಲು ಹೇಳಿದ್ದಲ್ಲ. ಆ ಮಾತು ಇನ್ನೂ ನನ್ನನ್ನು ಬಿಟ್ಟಿಲ್ಲ.

ಗುಂಜಿಯ ಹಿರಿಯರಿಗೂ ಸುದ್ದಿ ಮುಟ್ಟಿತ್ತು. ಅವರು ನನಗೆ ಫೋನ್ ಮಾಡಿ, ಯಾರೂ ಮುಟ್ಟಬಾರದು ಅಂತ ಹೇಳಿದ್ದೆನಲ್ಲ ಎಂದು ಎರಡು ಸಲ ಕೇಳಿದರು. ಹೇಳಿದ್ದರು. ನಾವು ಅಡಿಕೆ ಇಡುವುದನ್ನು ಕೇಳಿಸಿಕೊಂಡೆವು, ಯಾಕೆಂದರೆ ಅದು ನೋಡಲು ಚಂದ. ಬಂದೂಕನ್ನು ಮುಟ್ಟದೆ ಬಿಡುವುದರಲ್ಲಿ ನೋಡಲು ಏನೂ ಇಲ್ಲ.

ಎರಡನೇ ದಿನ ಪ್ರೊಡಕ್ಷನ್ ಮ್ಯಾನೇಜರ್ ನನ್ನ ಮನೆಗೆ ಬಂದ. ಬಿದಿರಿನ ಸಿಬಿರು ಹಾರಿ ಬಡಿಯಿತು ಎಂದು ಎಲ್ಲರೂ ಹೇಳುವುದು, ಆಕೆಯ ಖರ್ಚು ಕಂಪನಿ ನೋಡಿಕೊಳ್ಳುವುದು, ಧಾರಾವಾಹಿ ಉಳಿಯುವುದು, ಅವನ ಲೆಕ್ಕ ಅದು. ನಟರು ಒಪ್ಪಲಿಲ್ಲವಂತೆ. ಖಾನಾಪುರ ಠಾಣೆಗೆ ಹೋಗಿ ತಪ್ಪು ನನ್ನದೊಂದೇ ಎಂದು ಬರೆದುಕೊಡುತ್ತೇನೆ ಅಂದಿದ್ದಾರಂತೆ. ಅವರನ್ನು ಸಮಾಧಾನ ಮಾಡ್ರಿ ಎಂದು ನನ್ನನ್ನು ಕೇಳಲು ಬಂದಿದ್ದ. ಹೋಗುವಾಗ ಚಪ್ಪಲಿ ಮೆಟ್ಟುತ್ತ, "ಒಂದ ವ್ಯಾಳ್ಯಾಕ ಅವ್ರು ಬರದ ಕೊಟ್ರೂ ನಿಮಗೇನ ಚಿಂತಿರಿ? ನಿಮ್ಮ ಪುಸ್ತಕದಾಗ ನಾಕೂ ಟಿಕ್ ಅದಾವ" ಎಂದ.

ಇದ್ದವು. ಆ ಪುಸ್ತಕ ನೋಡಿದ ಯಾರೇ ಆದರೂ ಹೀಗೇ ತಿಳಿಯುತ್ತಾರೆ, ಮಾಮಾ ಬೆಳಿಗ್ಗೆ ಎಲ್ಲ ನೋಡಿ ಕೊಟ್ಟಿದ್ದಾನೆ, ಆಮೇಲೆ ನಟನೇ ಏನೋ ತುರುಕಿದ್ದಾನೆ. ಊರಿಗೆಲ್ಲ ಶಾಸ್ತ್ರ ಹೇಳಿ ತಾನು ಬದನೆಕಾಯಿ ತಿಂದವನು ನಾನು, ಜೈಲಿಗೆ ಹೋಗುವವರು ಅವರು. ನಾಚಿಕೆಯಾಗುವಂಥ ಒಂದು ವಿಷಯ ಹೇಳಬೇಕು. ಆ ಮಧ್ಯಾಹ್ನ ಪೂರ್ತಿ ಆ ಟಿಕ್‌ಗಳು ನನಗೆ ಸಮಾಧಾನ ಕೊಟ್ಟವು. ಪಿಂಚಣಿಯ ಹೆದರಿಕೆ ಇತ್ತು, ಹೆಸರಿನ ಹೆದರಿಕೆ ಅದಕ್ಕಿಂತ ಹೆಚ್ಚಿತ್ತು. ಹೆಂಡತಿ ಊಟಕ್ಕೆ ಕರೆದಳು. ತಟ್ಟೆಯ ಮುಂದೆ ಕೂತಾಗ ನಟರು ಗಾಳಿಯಲ್ಲಿ ಕೈ ಆಡಿಸಿ ನಾಲ್ಕೂ ಕೆಲಸ ಮಾಡುತ್ತಿದ್ದದ್ದು ನೆನಪಾಯಿತು. ತಟ್ಟೆ ಸರಿಸಿ ಎದ್ದೆ. ಪುಸ್ತಕ ತೆಗೆದು ಮೂರನೆಯ ಮತ್ತು ನಾಲ್ಕನೆಯ ಟಿಕ್ ಹೊಡೆದುಹಾಕಿ, ಪಕ್ಕದಲ್ಲಿ 'ಮಾಡಿಲ್ಲ' ಎಂದು ಬರೆದು, ಕೆಳಗೆ ಸಹಿ ಹಾಕಿದೆ. ಮರುದಿನ ಬೆಳಗಿನ ಬಸ್ಸಿಗೆ ಖಾನಾಪುರಕ್ಕೆ ಹೋದೆ.

ಠಾಣೆಯ ಅಧಿಕಾರಿ ಪುಸ್ತಕವನ್ನು ತಿರುಗಿಸಿ ತಿರುಗಿಸಿ ನೋಡಿದರು. ಹೊಡೆದುಹಾಕಿದ ಟಿಕ್‌ಗಳ ಮೇಲೆ ಬೆರಳಿಟ್ಟು, "ಇವನ್ನ ಹಾಕಿದ್ದ ಯಾವಾಗ್ರಿ?" ಎಂದರು.

"ಚಾ ಕುಡಿಯೂ ಮುಂದ."

"ಬಂದೂಕ ತೆರೆದದ್ದು?"

"ಚಾ ಕುಡದ ಮ್ಯಾಲೆ."

ಅವರು ಬರೆದುಕೊಂಡರು. ನನ್ನ ಮೇಲೂ ನಟರ ಮೇಲೂ ಕಂಪನಿಯ ಮೇಲೂ ಕೇಸು ಆಯಿತು, ಇನ್ನೂ ನಡೆದಿದೆ. ಹೇಳಿಬಂದ ಮೇಲೆ ಮನಸ್ಸು ಹಗುರಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆಕೆಯ ಕಣ್ಣೇನೂ ಬರಲಿಲ್ಲ.

ಬಾಡಿಗೆಯ ಬಂದೂಕುಗಳು ತನಿಖೆಗೆ ಹೋದವು. ಎರಡು ತಿಂಗಳು ಎಲ್ಲ ನಿಂತಿತ್ತು. ಮತ್ತೆ ಶುರುಮಾಡುವಾಗ ನಿರ್ದೇಶಕ ನನ್ನನ್ನೇ ಕರೆದ. ಯಾಕೆ ಎಂದು ಕೇಳಿದೆ. ಇನ್ನು ಮುಂದೆ ನಿಮ್ಮಷ್ಟು ಹೆದರುವವರು ಸಿಗುವುದಿಲ್ಲ ಎಂದ. ಅವನೂ ಬಹಳ ಇಳಿದುಹೋಗಿದ್ದ. ಹಾರುವ ಬಂದೂಕು ಸೆಟ್ಟಿಗೆ ಬರುವುದಿಲ್ಲ ಎಂದು ನಾನು ಷರತ್ತು ಹಾಕಿದೆ. ನನ್ನ ಹಿತ್ತಲಲ್ಲಿ ಕೂತು ನೀರಿನ ಪೈಪು, ಸಾಗವಾನಿ ತುಂಡು, ಒಂದು ಗಟ್ಟಿ ಕೀಲು ಸೇರಿಸಿ ಬಂದೂಕು ಮಾಡಿದೆ. ಮಡಚುತ್ತದೆ, ಕಾರ್ತೂಸಿನ ಖಾಲಿ ಕವಚ ಹಿಡಿಸುತ್ತದೆ, ಆದರೆ ಅದನ್ನು ಕುಟ್ಟುವ ಪಿನ್ ಇಲ್ಲ, ಪಿನ್ ಕೂರಿಸಲು ತೂತೂ ಇಲ್ಲ. ಸದ್ದು ಆಮೇಲೆ ಸೇರಿಸಿಕೊಳ್ಳಲಿ. ನನ್ನ ಜೀವಮಾನದಲ್ಲಿ ಹಾರಬಾರದೆಂದು ಮಾಡಿದ ಬಂದೂಕು ಅದೊಂದೇ.

ಉಳಿದದ್ದು ಕೊನೆಯ ದೃಶ್ಯ, ಮುದುಕ ಮತ್ತು ಸತ್ತ ಹೆಂಡತಿ. ಬೇರೆ ಯಾರನ್ನಾದರೂ ನಿಲ್ಲಿಸಿ ಬೆನ್ನು ಮಾತ್ರ ತೋರಿಸುವುದೆಂದು ನಿರ್ದೇಶಕ ಯೋಚಿಸಿದ್ದ. ನೇಕಾರಳಿಗೆ ಹೇಗೋ ತಿಳಿಯಿತು. ನನಗೆ ಫೋನ್ ಮಾಡಿ, ನಾನು ಬರತೀನಿ ಎಂದಳು. ನಾನು ಬೇಡ ಎಂದೆ, ಜೋರಾಗಿಯೇ ಹೇಳಿದೆ. ಆಕೆ, "ಹೆಣಕ್ಕ ಎರಡು ಕಣ್ಣ ಯಾಕ ಬೇಕ್ರಿ ಫೌಜಿ ಅಣ್ಣಾರ? ಅದು ನನ್ನ ಪಾತ್ರ ಐತಿ" ಎಂದಳು.

ಚಳಿಗಾಲದ ಇಳಿಬಿಸಿಲಿನಲ್ಲಿ ಗುಂಜಿಯ ಅದೇ ಮನೆಯ ಅಂಗಳ. ಎಡಗಣ್ಣಿಗೆ ಆಕೆ ಏನನ್ನೂ ಅಂಟಿಸಿಕೊಳ್ಳಲಿಲ್ಲ, ಇದ್ದ ಹಾಗೇ ಇರಲಿ ಎಂದಳು. ಸ್ಕ್ರಿಪ್ಟಿನ ಪ್ರಕಾರ ಮುದುಕ ಕೊನೆಯ ಕಾರ್ತೂಸು ಹಾಕಿ ಗುರಿಯಿಟ್ಟು, ಹಾರಿಸಲಾರದೆ ಬಂದೂಕು ಕೆಳಗಿಳಿಸಬೇಕು. ಕ್ಯಾಮೆರಾ ಓಡಿತು. ಆಕೆ ಬಾಗಿಲಿನಿಂದ ಹೊರಟಳು, ಒಂದು ಕಾಲು ಒತ್ತುತ್ತ. ನಟರು ಗುರಿ ಇಡಲಿಲ್ಲ. ಬಂದೂಕು ಮಡಚಿ ತೆರೆದರು, ಬೆರಳು ಹಾಕಿದರು. ಆಮೇಲೆ ನಳಿಗೆಯನ್ನು ಆಕಾಶಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ, ಒಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಬೇಲಿಯಿಂದ ಕಡ್ಡಿ ಮುರಿದು ಸರಳಿನಂತೆ ಹಾಕಿ ತೆಗೆದರು. ಅಷ್ಟರಲ್ಲಿ ಆಕೆ ಮುಟ್ಟುವಷ್ಟು ಹತ್ತಿರ ಬಂದಿದ್ದಳು. ಆರನೇ ಕಾರ್ತೂಸನ್ನು ಅವರು ಜೇಬಿನಲ್ಲೇ ಬಿಟ್ಟು, ಖಾಲಿ ಬಂದೂಕನ್ನು ನೆಲದ ಮೇಲೆ ಮಲಗಿಸಿದರು. ಇದನ್ನು ಯಾರೂ ಬರೆದಿರಲಿಲ್ಲ. ನಿರ್ದೇಶಕ ಕಟ್ ಅನ್ನಲು ಮರೆತ. ನಾನು ಗೋಡೆಯ ಹಿಂದೆ ಹೋಗಿ ಅತ್ತೆ.

ಧಾರಾವಾಹಿ ಬಂತು. ಜನ ಆ ಕೊನೆಯ ದೃಶ್ಯವನ್ನೇ ಹೊಗಳಿದರು. ರಾಮತೀರ್ಥ ನಗರದಲ್ಲಿ ಬೆಳಗಿನ ವಾಕಿಂಗಿಗೆ ಹೋದರೆ ಯಾರಾದರೂ ನಿಲ್ಲಿಸಿ, ಬಂದೂಕು ಹಿಡಿಯುವುದು ಎಷ್ಟು ಖರೇ ಅನಸ್ತೈತ್ರಿ, ನೀವೇ ಕಲಿಸಿದ್ದಂತಲ್ಲ ಎಂದು ಕೈ ಕುಲುಕುತ್ತಾರೆ. ಹೌದು ಎನ್ನುತ್ತೇನೆ. ಕಲಿಸಿದ್ದು ನಾನೇ.

ಹೋದ ತಿಂಗಳು ಖಾಸಬಾಗಕ್ಕೆ ಹೋಗಿದ್ದೆ. ಆಗಾಗ ಹೋಗುತ್ತೇನೆ, ಹೋಗಿ ಏನು ಮಾಡಬೇಕೋ ಗೊತ್ತಾಗದೆ ಬರುತ್ತೇನೆ. ಆಕೆ ಈಗ ಒಂದೇ ಮಗ್ಗ ನಡೆಸುತ್ತಾಳೆ. ಎಳೆ ಹರಿದರೆ ಗಂಟು ಹಾಕಲು ಕೈ ಚಾಚುತ್ತಾಳೆ, ಬೆರಳು ಎಳೆಯ ಇತ್ತ ಬೀಳುತ್ತದೆ, ಮತ್ತೆ ಅತ್ತ ಬೀಳುತ್ತದೆ, ಮೂರನೇ ಸಲಕ್ಕೆ ಸಿಗುತ್ತದೆ. ಮಗಳು ಕಾಲೇಜಿನಿಂದ ಬಂದು ಉಳಿದದ್ದು ನೋಡುತ್ತಾಳೆ. ನಾನು ಹೋದಾಗ ಕರೆಂಟ್ ಇರಲಿಲ್ಲ, ಮಗ್ಗ ನಿಂತಿತ್ತು. ಆಕೆ ಮಗಳ ಮೊಬೈಲ್ ತಂದು, ಕೊನೆಯ ಕಂತನ್ನು ನಾನು ಇನ್ನೂ ಪೂರ್ತಿ ನೋಡಿಲ್ಲ, ನೀವು ಬರಲಿ ಎಂದು ಕಾಯುತ್ತಿದ್ದೆ ಎಂದಳು. ಇಬ್ಬರೂ ಮಗ್ಗದ ಪಕ್ಕ ಕೂತು ನೋಡಿದೆವು. ನಟರು ನಳಿಗೆಯನ್ನು ಆಕಾಶಕ್ಕೆ ಎತ್ತಿದಲ್ಲಿ ಆಕೆ ಬೆರಳು ಒತ್ತಿ ನಿಲ್ಲಿಸಿದಳು.

"ಇದನ್ನ ಮಾಡಾಕ ಎಷ್ಟೊತ್ತ ಹಿಡೀತೈತ್ರಿ? ಹಿಂಗ ನಿಧಾನ ಅಲ್ಲ. ದಿನಾ ಮಾಡೂ ಹಂಗ ಮಾಡಿದ್ರ?"

ಸುಳ್ಳು ಹೇಳಬಹುದಿತ್ತು. "ಐದ ಸೆಕೆಂಡ್, ತಂಗಿ" ಎಂದೆ.

ಆಕೆ ತಲೆಯಾಡಿಸಿದಳು. ಮೊಬೈಲನ್ನು ಮಗುಚಿ ನೆಲದ ಮೇಲೆ ಇಟ್ಟಳು. ಓಣಿಯಲ್ಲಿ ಒಂದೊಂದೇ ಮನೆಯ ಮಗ್ಗಗಳು ಸದ್ದು ಮಾಡತೊಡಗಿದವು, ಕರೆಂಟ್ ಬಂದಿತ್ತು. ಆಕೆ ಎದ್ದು ತನ್ನ ಮಗ್ಗದ ಗುಂಡಿ ಒತ್ತಿದಳು. ಆ ಸದ್ದಿನಲ್ಲಿ ಮತ್ತೆ ಮಾತಾಡಲು ಆಗುತ್ತಿರಲಿಲ್ಲ.